ಹಳದಿ ಫ್ಯಾಕ್ಟರಿಯ ಗೇಟು ಕಾದ ಪೈಲ್ವಾನ

ಉಜ್ಜನಪ್ಪ ಹೊಡೆಯುತ್ತಿದ್ದ, ನಾನು ಹೊಲಿಯುತ್ತಿದ್ದೆ. ನಮ್ಮಿಬ್ಬರ ಪರಿಚಯ ಬೆಳೆದದ್ದೇ ಹಾಗೆ. ಶಿವಮೊಗ್ಗದ ಹೊಸಮನೆಯಲ್ಲಿ ಡಾಕ್ಟರ್ ಉಮಾಮಹೇಶ್ವರ ಅವರ ಸಣ್ಣ ಕ್ಲಿನಿಕ್ಕಿತ್ತು, ನಾನು ಅಲ್ಲಿ ನರ್ಸು. ಯಾರಾದರೂ ಮುಖಕ್ಕೆ ಟವೆಲ್ಲು ಒತ್ತಿಕೊಂಡು ಒಳಗೆ ಬಂದರೆ ಡಾಕ್ಟರು ಬಾಯಿ ಬಿಡುವ ಮೊದಲೇ ನಾನು ಸೂಜಿ ಕುದಿಯಲು ಇಡುತ್ತಿದ್ದೆ. ಒಡೆದದ್ದು ಎಡ ಹುಬ್ಬಾಗಿದ್ದರೆ ಅದು ಪೈಲ್ವಾನ ಉಜ್ಜನಪ್ಪನ ಬಲಗೈ ಎಂದೇ ಲೆಕ್ಕ. ಬಂದವರು ಮಾತ್ರ ‘ಮೆಟ್ಟಿಲಿಂದ ಬಿದ್ದೆ ಸಿಸ್ಟ್ರೇ’ ಎನ್ನುತ್ತಿದ್ದರು. ಅವರಲ್ಲಿ ಅರ್ಧ ಜನರ ಮನೆಗೆ ಮೆಟ್ಟಿಲೇ ಇರಲಿಲ್ಲ. ನಾನು ಏನೂ ಕೇಳದೆ ಹೊಲಿಗೆ ಹಾಕಿ ಕಳಿಸುತ್ತಿದ್ದೆ.

ಈಗ ಅವನಿಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುವವರು ಬೇರೆ ಯಾರ ಬಾಯಿಂದಲಾದರೂ ಅವನ ಕಥೆ ಕೇಳಿಕೊಳ್ಳಲಿ. ನನಗೆ ಪೈಲ್ವಾನರನ್ನು ಕಂಡರೆ ಮೊದಲಿಂದಲೂ ಆಗುವುದಿಲ್ಲ. ಎದೆ ಸೆಟೆಸಿಕೊಂಡು ನಡೆಯುವ ಗಂಡಸರನ್ನು ನೋಡಿದರೆ ಪಿತ್ತ ನೆತ್ತಿಗೇರುತ್ತದೆ. ಆದರೂ ಪೇಪರಿನವರು ಅವನನ್ನು ಬರೀ ರೌಡಿ ಎಂದು ಬರೆದು ಕೈತೊಳೆದುಕೊಂಡಾಗ ನನ್ನ ಮೈಯೆಲ್ಲ ಉರಿದಿತ್ತು. ಆ ರೌಡಿಯನ್ನು ಯಾರು ಇಟ್ಟುಕೊಂಡರು, ಯಾವ ಖರ್ಚು ಉಳಿಸಲು ಇಟ್ಟುಕೊಂಡರು ಎಂಬುದನ್ನು ಅವರು ಬರೆಯಲಿಲ್ಲ. ಅದಕ್ಕೇ ನಾನು ಹೇಳುತ್ತಿದ್ದೇನೆ.

ಉಜ್ಜನಪ್ಪನ ತಂದೆತಾಯಿ ಬೇಗ ತೀರಿಕೊಂಡರು. ಅವನನ್ನು ಸಾಕಿದ್ದು ಅಕ್ಕ ಶಂಕರಮ್ಮ. ಭದ್ರಾವತಿಯ ಷಡಕ್ಷರಪ್ಪನೆಂಬ ಫಿಟ್ಟರ್ ಅವಳನ್ನು ನೋಡಲು ಬಂದಾಗ, ‘ತಮ್ಮನೂ ನನ್ ಜೊತೆ ಬರ್ತಾನೆ, ಒಪ್ಪಿಗೆ ಇದ್ರೆ ಹೇಳಿ’ ಎಂದಳಂತೆ. ಆತ ಒಪ್ಪಿದ. ಭದ್ರಾವತಿಯ ಜನ್ನಾಪುರದ ಆ ಮನೆಯಲ್ಲೇ ಉಜ್ಜನಪ್ಪ ಬೆಳೆದ. ಅವನಿಗೆ ಮೀಸೆ ಬರುವ ಹೊತ್ತಿಗೆ ಮನೆಯ ಹಾಲಿನಲ್ಲಿ ಮುಕ್ಕಾಲು ಪಾಲು ಅವನ ಹೊಟ್ಟೆಗೇ ಹೋಗುತ್ತಿತ್ತು. ಸರ್ಕಸ್ಸಿನ ಹುಲಿಗೂ ಇಷ್ಟು ಊಟ ಹಾಕಲ್ಲ ಮಾರಾಯ್ತಿ ಎಂದು ನೆರೆಹೊರೆಯವರು ಶಂಕರಮ್ಮನನ್ನು ರೇಗಿಸುತ್ತಿದ್ದರು. ಆಮೇಲೆ ಹೊಸಮನೆಯ ಗರಡಿಯ ಉಸ್ತಾದ ಪುಟ್ಟಯ್ಯ ಅವನನ್ನು ಕರೆದುಕೊಂಡು ಬಂದು ತಾಲೀಮು ಕೊಟ್ಟರು. ದಸರಾ ಕುಸ್ತಿಯಲ್ಲಿ ಅವನು ಹೊರಗಿನಿಂದ ಬಂದ ಹೆಸರುವಾಸಿ ಜಟ್ಟಿಯೊಬ್ಬನ ಪಕ್ಕೆಲುಬು ಮುರಿದು ಗೆದ್ದ. ಜನ ಹೊತ್ತು ಮೆರೆಸಿದರು. ಪಕ್ಕೆಲುಬು ಮುರಿಸಿಕೊಂಡವನ ಹೆಸರು ಯಾರಿಗೂ ನೆನಪಿಲ್ಲ.

ಗರಡಿಯೊಳಗೆ ಹೆಂಗಸರು ಕಾಲಿಡುವಂತಿಲ್ಲ. ಆದರೆ ಶಂಕರಮ್ಮನ ಅರಿಶಿನಕ್ಕೆ ಆ ತಡೆ ಇರಲಿಲ್ಲ. ದಸರಾಕ್ಕೆ ಮುಂಚೆ ಅಖಾಡದ ಹಳೆ ಮಣ್ಣು ತೆಗೆದು ಹೊಸ ಕೆಮ್ಮಣ್ಣು ತುಂಬುವುದು ರೂಢಿ. ಮಣ್ಣನ್ನು ಜರಡಿ ಹಿಡಿದು, ಎಳ್ಳೆಣ್ಣೆ, ಮಜ್ಜಿಗೆ, ಕರ್ಪೂರ, ನಿಂಬೆರಸ, ಅರಿಶಿನ ಎಲ್ಲ ಹಾಕಿ ತುಳಿದು ಹದ ಮಾಡುತ್ತಾರೆ. ಆ ಮಣ್ಣೇ ಪೈಲ್ವಾನರಿಗೆ ದೇವರು, ಅದೇ ಔಷಧಿ. ಮೈ ತರಚಿದರೆ ಅದನ್ನೇ ಉಜ್ಜಿಕೊಳ್ಳುತ್ತಾರೆ. ನಾನು ಟಿಂಚರ್ ಹಚ್ಚಲು ಹೋದರೆ ನಗುತ್ತಾರೆ. ಪ್ರತಿ ವರ್ಷ ಆ ಮಣ್ಣಿಗೆ ಹಾಕುವ ಅರಿಶಿನವನ್ನು ಶಂಕರಮ್ಮ ತಾನೇ ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ, ಭದ್ರಾವತಿಯಿಂದ ಬರುವ ಯಾರ ಕೈಯಲ್ಲಾದರೂ ಗರಡಿಗೆ ಕಳಿಸುತ್ತಿದ್ದಳು. ತಮ್ಮನ ಮೈಗೆ ತನ್ನ ಅರಿಶಿನವೇ ಹತ್ತಬೇಕು ಎಂಬುದು ಅವಳ ಹಟ.

ಅವನ ಮಂಡಿಚಿಪ್ಪು ಹೋದ ಮೇಲೆ ಕುಸ್ತಿಯೂ ಹೋಯಿತು. ಕುಸ್ತಿ ಹೋದ ಪೈಲ್ವಾನನಿಗೆ ಶಿವಮೊಗ್ಗದಲ್ಲಿ ಕೆಲಸಕ್ಕೇನೂ ಬರವಿರಲಿಲ್ಲ. ಫೈನಾನ್ಸಿನವರು ಕಂತು ವಸೂಲಿಗೆ ಕರೆದರು. ಮನೆ ಖಾಲಿ ಮಾಡದ ಬಾಡಿಗೆದಾರರ ಮೇಲೆ ಮಾಲೀಕರು ಅವನನ್ನು ಬಿಟ್ಟರು. ಒಮ್ಮೆ ಒಬ್ಬ ದರ್ಜಿಯನ್ನು ಅವನ ಹೊಲಿಗೆ ಮೆಷಿನ್ನಿಗೇ ಎತ್ತಿ ಅಪ್ಪಳಿಸಿದ್ದ. ಅವನ ತಲೆಯಿಂದ ನಾನು ಬಾಬಿನ್ನಿನ ಚೂರು ಕಿತ್ತಿದ್ದೇನೆ. ಇನ್ನೊಮ್ಮೆ ಅಕ್ಕಿ ಮಿಲ್ಲಿನ ಜಗಳದಲ್ಲಿ ಒಬ್ಬ ಹಮಾಲಿಯ ದವಡೆ ಎರಡು ಕಡೆ ಮುರಿಯಿತು. ಅವನು ತಿಂಗಳುಗಟ್ಟಲೆ ಗಂಜಿ ಹೀರಿ ಬದುಕಿದ. ಹೊಡೆದ ಮೇಲೆ ಉಜ್ಜನಪ್ಪನೂ ಕೆಲವು ಸಲ ಕೈ ತರಚಿಕೊಂಡು ಬರುತ್ತಿದ್ದ. ‘ಇಷ್ಟು ಹೊಡೀಬೇಕಿತ್ತೇನೋ ಪಾಪಿ’ ಎಂದು ನಾನು ಬೈದರೆ, ‘ಸಂಬಳ ತಗೊಂಡ ಮೇಲೆ ಕೆಲ್ಸ ಮಾಡ್ಬೇಕಲ್ಲ ಸಿಸ್ಟ್ರೇ’ ಎನ್ನುತ್ತಿದ್ದ. ಅದರಲ್ಲಿ ಕಪಟವಿರಲಿಲ್ಲ. ಅವನು ಹೊಡೆತವನ್ನು ಬೇರೆಯವರು ಬಡಗಿ ಕೆಲಸ ಮಾಡುವ ಹಾಗೆ ಮಾಡುತ್ತಿದ್ದ.

ಇನ್ನು ಹಳದಿ ಫ್ಯಾಕ್ಟರಿಯ ವಿಷಯ. ಜನ್ನಾಪುರದ ಅಂಚಿನಲ್ಲಿ, ಶಂಕರಮ್ಮನ ಮನೆಯ ಹಿಂದಿನ ಗೋಡೆಗೆ ತಾಗಿದಂತೆ, ಒಂದು ಖಾಸಗಿ ಕಾರ್ಖಾನೆಯಿತ್ತು. ಚರ್ಮ ಹದ ಮಾಡುವವರಿಗೆ, ಬಣ್ಣ ಮಾಡುವವರಿಗೆ ಬೇಕಾದ ಹಳದಿ ಪುಡಿ ತಯಾರಿಸುತ್ತಿದ್ದರು. ತೊಂಬತ್ತರ ಆಸುಪಾಸಿನಲ್ಲಿ ಮಾಲೀಕರು ನಷ್ಟವೆಂದು ಹೇಳಿ ಬೀಗ ಜಡಿದು ಊರು ಬಿಟ್ಟರು. ಕಾರ್ಖಾನೆಯ ಕಸ ಮಾತ್ರ ಕಾಂಪೌಂಡಿನೊಳಗೆ ಗುಡ್ಡೆಯಾಗಿ ಉಳಿಯಿತು. ಮಳೆ ಬಂದಾಗ ಅಲ್ಲಿಂದ ಹಳದಿ ನೀರು ಹರಿಯುತ್ತಿತ್ತು. ನಾಲ್ಕಾರು ವರ್ಷದಲ್ಲಿ ಆ ಓಣಿಯ ಬಾವಿಗಳ ನೀರಿಗೂ ಬಣ್ಣ ಬಂತು. ಶಂಕರಮ್ಮನ ಬಾವಿಯಲ್ಲಿ ಮೊದಲು ಬಂತು, ಯಾಕೆಂದರೆ ಅದೇ ಗೋಡೆಗೆ ಹತ್ತಿರ. ಕುಡಿಯಲು ಬೇರೆ ಕಡೆಯಿಂದ ಹೊತ್ತು ತಂದರು. ತೊಳೆಯುವುದಕ್ಕೆ, ಮೀಯುವುದಕ್ಕೆ ಅದೇ ನೀರು. ಅವಳ ಗಂಡ ಷಡಕ್ಷರಪ್ಪ ಓಣಿಯವರನ್ನು ಸೇರಿಸಿಕೊಂಡು ಕೋರ್ಟಿಗೆ ಹೋದ. ವರ್ಷಗಳ ನಂತರ ಆ ಕಸವನ್ನು ತೆಗೆಯಲೇಬೇಕೆಂದು ಆದೇಶವೂ ಆಯಿತು. ಆ ದಿನ ಅವನು ಓಣಿಗೆಲ್ಲ ಮೈಸೂರುಪಾಕು ಹಂಚಿದ.

ಮುಂದಿನದು ನನಗೆ ಗೊತ್ತಾದದ್ದು ಕೊಲೆ ಕೇಸಿನಲ್ಲಿ ಸಾಕ್ಷಿಯಾಗಿ ದಿನಗಟ್ಟಲೆ ಕೋರ್ಟಿನ ಬೆಂಚಿನ ಮೇಲೆ ಕೂತಾಗ. ಕಸ ತೆಗೆಯುವ ಮೊದಲ ಅಂದಾಜಿನಲ್ಲಿ ಎಲ್ಲವೂ ಇತ್ತಂತೆ. ಗುಡ್ಡೆಯನ್ನೂ ಅದರ ಕೆಳಗಿನ ಮಣ್ಣನ್ನೂ ಅಗೆದು, ಮುಚ್ಚಿದ ಲಾರಿಗಳಲ್ಲಿ ಬೇರೆ ಜಿಲ್ಲೆಗೆ ಸಾಗಿಸಿ, ದಪ್ಪ ಪ್ಲಾಸ್ಟಿಕ್ ಹಾಸಿದ ಗುಂಡಿಯಲ್ಲಿ ಹಾಕಬೇಕು. ಕೂಲಿಯವರಿಗೆ ಗ್ಲೌಸು, ಬೂಟು ಕೊಡಬೇಕು. ಬಾವಿಗಳ ನೀರು ಪರೀಕ್ಷೆ ಮಾಡಿಸುತ್ತಿರಬೇಕು. ಮೊತ್ತ ನೋಡಿ ಮೇಲಿನವರು ಹೌಹಾರಿದರು. ‘ಖರ್ಚು ಹತೋಟಿಗೆ ತನ್ನಿ’ ಎಂದು ವಾಪಸು ಕಳಿಸಿದರು. ಹತೋಟಿ ಎಂದರೆ ಅಲ್ಲಿ ಒಂದೊಂದೇ ಬಾಬತ್ತನ್ನು ಹೊಡೆದು ಹಾಕುವುದು. ಮೊದಲು ಗ್ಲೌಸು ಹೋಯಿತು. ಆಮೇಲೆ ಬಾವಿ ನೀರಿನ ಪರೀಕ್ಷೆ ಹೋಯಿತು. ಪ್ಲಾಸ್ಟಿಕ್ಕು ತೆಳ್ಳಗಾಯಿತು, ಆಮೇಲೆ ಅದೂ ಹೋಯಿತು. ಕೆಲಸದ ಮೇಲೆ ಕಣ್ಣಿಡಬೇಕಾಗಿದ್ದ ಇಂಜಿನಿಯರ್ ತಿಂಗಳಿಗೊಮ್ಮೆ ಬಂದರೆ ಸಾಕು ಎಂದಾಯಿತು. ಉಳಿದದ್ದಕ್ಕೆ ಟೆಂಡರ್ ಕರೆದರು. ಕಂಟ್ರಾಕ್ಟರ್ ವಿಶ್ವಾರಾಧ್ಯ ಎಲ್ಲರಿಗಿಂತ ಕಡಿಮೆ ಬರೆದ. ಲಾರಿಗಳ ಡೀಸೆಲ್ಲಿಗೂ ಸಾಲದಷ್ಟು ಕಡಿಮೆ. ಹೇಗೆ ಮಾಡ್ತೀರಪ್ಪ ಎಂದು ಒಬ್ಬರೂ ಕೇಳಲಿಲ್ಲ. ಸರ್ಕಾರದ ಹಣ ಉಳಿಯಿತೆಂದು ಒಬ್ಬರಿಗೊಬ್ಬರು ಬೆನ್ನು ತಟ್ಟಿಕೊಂಡರು. ಎಂಥಾ ಜನ ಇವರು!

ವಿಶ್ವಾರಾಧ್ಯ ಮೃದು ಮಾತಿನ ಮನುಷ್ಯ. ಹಣೆ ತುಂಬ ವಿಭೂತಿ, ಎಲ್ಲರನ್ನೂ ‘ಅಪ್ಪಾಜಿ’ ಎಂದೇ ಕರೆಯುವುದು. ಅವನ ಉಪಾಯ ಸರಳವಾಗಿತ್ತು. ಕಾಂಪೌಂಡಿನ ಮೇಲೆ ಎತ್ತರಕ್ಕೆ ತಗಡು ಕಟ್ಟಿಸಿದ. ಬಳ್ಳಾರಿ ಕಡೆಯ ಕೂಲಿಯವರನ್ನೂ ಮೆಷಿನ್ನನ್ನೂ ತರಿಸಿ ಅಲ್ಲೇ ಒಳಗೆ ಗುಂಡಿಗಳನ್ನು ತೋಡಿಸಿ, ಕಸವನ್ನು ಅಲ್ಲೇ ಹೂಳಿಸಿ, ಮೇಲೆ ಕೆಮ್ಮಣ್ಣು ಹರಡಿಸಿದ. ಲಾರಿಗಳು ಟಾರ್ಪಾಲ್ ಬಿಗಿದುಕೊಂಡು ಖಾಲಿಯಾಗಿ ಗೇಟಿನಿಂದ ಹೊರಟು, ಊರಾಚೆ ಒಂದು ಸುತ್ತು ಹಾಕಿ ಬರುತ್ತಿದ್ದವು. ಇದರಲ್ಲಿ ಇದ್ದ ತೊಡಕು ಒಂದೇ, ಓಣಿಯ ಜನ ಒಳಗೆ ಬಂದು ನೋಡಬಾರದು. ಅದಕ್ಕೆ ಉಜ್ಜನಪ್ಪನನ್ನು ಗೇಟಿಗೆ ನಿಲ್ಲಿಸಿದ. ಒಂದು ಲಾರಿಯ ಬಾಡಿಗೆಗಿಂತ ಪೈಲ್ವಾನನ ಸಂಬಳ ಅಗ್ಗ ಎಂದು ಅವನು ನಗುತ್ತಾ ಹೇಳಿದ್ದನ್ನು ಅವನದೇ ಶಿವಮೊಗ್ಗದ ಆಫೀಸಿನ ಗುಮಾಸ್ತ ಕೋರ್ಟಿನಲ್ಲಿ ಹೇಳಿದ. ಸರ್ಕಾರದವರು ಹೊಡೆದು ಹಾಕಿದ ಎಲ್ಲ ಬಾಬತ್ತುಗಳ ಜಾಗದಲ್ಲಿ ಕೊನೆಗೆ ನಿಂತದ್ದು ಉಜ್ಜನಪ್ಪನ ಎರಡು ಕೈ.

ಅದು ಎರಡು ಸಾವಿರದ ಒಂದನೇ ಇಸವಿಯ ಬೇಸಿಗೆ. ಕೆಲಸ ಶುರುವಾದ ಸ್ವಲ್ಪ ದಿನಕ್ಕೇ ಹೊಸಮನೆಯ ಒಬ್ಬ ಟೆಂಪೊ ಡ್ರೈವರ್ ನಮ್ಮ ಕ್ಲಿನಿಕ್ಕಿಗೆ ಬಂದ. ಅವನು ದಾರಿಯಲ್ಲಿ ಆ ಲಾರಿಯೊಂದರ ಟಾರ್ಪಾಲ್ ಗಾಳಿಗೆ ಹಾರಿದ್ದನ್ನು, ಒಳಗೆ ಏನೂ ಇಲ್ಲದ್ದನ್ನು ನೋಡಿ, ಗೇಟಿಗೆ ಹೋಗಿ ಎಲ್ಲರೆದುರು ಕೂಗಾಡಿದ್ದ. ಉಜ್ಜನಪ್ಪ ಅವನ ಕೈಯನ್ನು ಟೆಂಪೊದ ಬಾಗಿಲ ಸಂದಿಗಿಟ್ಟು ಬಾಗಿಲು ಹಾಕಿದ್ದ. ಬೆರಳುಗಳು ನುಜ್ಜಾಗಿದ್ದವು, ಎರಡನ್ನು ಕತ್ತರಿಸಬೇಕಾಯಿತು. ಅದಾದ ಮೇಲೆ ಸಣ್ಣ ಪತ್ರಿಕೆಯೊಂದರ ವರದಿಗಾರ ಕ್ಯಾಮೆರಾ ತಂದ. ಕ್ಯಾಮೆರಾದಿಂದಲೇ ಅವನ ಹಲ್ಲುದುರಿತು. ನಾನು ಉಜ್ಜನಪ್ಪನನ್ನು ಬೀದಿಯಲ್ಲೇ ನಿಲ್ಲಿಸಿ ಕೇಳಿದೆ.

‘ಏನೋ ಅದು ಒಳಗೆ, ಅಷ್ಟು ಕಾಯೋ ಅಂಥದ್ದು?’

‘ಕ್ಲೀನ್ ಮಾಡ್ತಿದಾರೆ ಸಿಸ್ಟ್ರೇ. ನಮ್ಮಕ್ಕನ ಬಾವಿಗೇ ಒಳ್ಳೇದಾಗೋದು. ಇವ್ರೆಲ್ಲ ಅಡ್ಡಗಾಲು ಹಾಕಿ ಕಮಾಯಿ ಮಾಡೋಕೆ ಬಂದಿದಾರೆ ಅಂತ ಸಾಹುಕಾರ್ರು ಹೇಳಿದಾರೆ.’

‘ಸಾಹುಕಾರ್ರು ಹೇಳಿದ್ರೆ ಆಗೋಯ್ತಾ? ನಿನ್ ಕಣ್ಣಿಗೇನಾಗಿದೆ?’

ಅವನು ನಕ್ಕು ಹೊರಟುಹೋದ. ಅಕ್ಕನ ಬಾವಿಗಾಗಿಯೇ ತಾನು ಜನರ ಕೈ ಮುರಿಯುತ್ತಿದ್ದೇನೆ ಎಂದು ಆ ಮನುಷ್ಯ ನಿಜವಾಗಿ ನಂಬಿದ್ದ. ಅಷ್ಟು ದೊಡ್ಡ ದೇಹದಲ್ಲಿ ಅಷ್ಟು ಸಣ್ಣ ಬುದ್ಧಿ ಇಟ್ಟ ಆ ದೇವರಿಗೆ ಏನು ಹೇಳಬೇಕೋ ನನಗೆ ಗೊತ್ತಿಲ್ಲ.

ಮಳೆಗಾಲದಲ್ಲಿ ಬಾವಿಯ ನೀರು ತಿಳಿಯಾಗುವುದಿರಲಿ, ಇನ್ನೂ ಗಾಢವಾಯಿತು. ಕಸವೀಗ ಬಾವಿಯ ಮಟ್ಟಕ್ಕೇ ಇಳಿದಿತ್ತಲ್ಲ. ಒಂದು ಬೆಳಿಗ್ಗೆ ಷಡಕ್ಷರಪ್ಪ ಓಣಿಯವರನ್ನು ಕರೆದುಕೊಂಡು ಗೇಟಿಗೆ ಬಂದ. ಅವನಿಗಾಗಲೇ ಅರವತ್ತು ದಾಟಿತ್ತು. ಪಕ್ಕದಲ್ಲಿ ಶಂಕರಮ್ಮ, ಅವಳ ಸೊಂಟದ ಮೇಲೆ ಬಿಂದಿಗೆ ತುಂಬ ಬಾವಿಯ ನೀರು.

‘ಗೇಟ್ ತೆಗಿಯೋ. ಒಳಗೆ ಏನ್ ಮಾಡ್ತಿದಾರೆ ನೋಡ್ಬೇಕು’ ಎಂದ ಷಡಕ್ಷರಪ್ಪ.

‘ಮನೆಗೆ ಹೋಗಿ ಭಾವ. ಇದು ನಿಮ್ಗೆ ಸಂಬಂಧ ಇಲ್ದಿದ್ದು.’

‘ಕೇಸ್ ಹಾಕಿದೋನು ನಾನು. ನಂಗೆ ಸಂಬಂಧ ಇಲ್ದೆ ನಿಂಗಿದ್ಯಾ? ಸರಿಯೋ ಪಕ್ಕಕ್ಕೆ!’

ಷಡಕ್ಷರಪ್ಪ ಅವನ ಎದೆಗೆ ಕೈಯಿಟ್ಟು ತಳ್ಳಿದ. ಹಿಂದೆ ವಿಶ್ವಾರಾಧ್ಯನ ಜೀಪು ನಿಂತಿತ್ತು, ಮುಂದೆ ಊರಿನ ಜನ. ಉಜ್ಜನಪ್ಪ ಆ ಕೈಯನ್ನು ಹಿಡಿದು, ಕುಸ್ತಿಯಲ್ಲಿ ಮಾಡುವಂತೆಯೇ ತಿರುಚಿ ಎತ್ತಿ ಒಗೆದ. ಭುಜದ ಕೀಲು ಕಳಚಿದ ಸದ್ದು ಎಲ್ಲರಿಗೂ ಕೇಳಿಸಿತು. ಮುದುಕ ಕಬ್ಬಿಣದ ಗೇಟಿಗೆ ಹೋಗಿ ಬಿದ್ದ, ಕಿವಿ ಹರಿದು ಜೋತಾಡಿತು. ಓಣಿಯ ಯುವಕನೊಬ್ಬ ಕಲ್ಲು ಬೀಸಿದ. ಉಜ್ಜನಪ್ಪ ಅವನ ಮೂಗನ್ನು ಮೊಣಕೈಯಿಂದ ಜಜ್ಜಿದ. ಆಮೇಲೆ ಯಾರೂ ಮುಂದೆ ಬರಲಿಲ್ಲ. ಶಂಕರಮ್ಮ ಮಾತ್ರ ಬಂದಳು. ಬಿಂದಿಗೆಯ ನೀರನ್ನೆಲ್ಲ ತಮ್ಮನ ತಲೆಯ ಮೇಲೆ ಸುರಿದಳು. ಅವನು ಕದಲದೆ ನಿಂತಿದ್ದ.

‘ಇವತ್ತಿಗೆ ನನ್ನ ತವರು ಸತ್ತುಹೋಯ್ತು. ನೀನು ನಮ್ಮನೆ ಹೊಸಲು ತುಳೀಬೇಡ’ ಎಂದಳು.

ಷಡಕ್ಷರಪ್ಪನ ಕೈ ಮತ್ತೆ ಸರಿಹೋಗಲಿಲ್ಲ. ಬುಗುರಿಯಷ್ಟು ಭಾರವನ್ನೂ ಅದು ಎತ್ತುತ್ತಿರಲಿಲ್ಲ. ಉಜ್ಜನಪ್ಪ ಎರಡು ದಿನ ಬಿಟ್ಟು ಕ್ಲಿನಿಕ್ಕಿಗೆ ಬಂದು ಸುಮ್ಮನೆ ಬೆಂಚಿನ ಮೇಲೆ ಕೂತ. ಅವನಿಗೆ ಯಾವ ಗಾಯವೂ ಆಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಮತ್ತೆ ಭದ್ರಾವತಿ ಬಸ್ಸು ಹತ್ತಿದ, ಗೇಟಿಗೆ.

ದಸರಾ ಹತ್ತಿರ ಬಂತು. ಗರಡಿಗೆ ಹೊಸ ಕೆಮ್ಮಣ್ಣು ಬೇಕು. ‘ನಾನು ಕಳಿಸ್ತೀನಿ ಅಪ್ಪಾಜಿ, ನಿಮ್ ಗರಡಿಗಲ್ವಾ’ ಎಂದು ವಿಶ್ವಾರಾಧ್ಯ ಒಂದು ಲಾರಿ ಮಣ್ಣನ್ನು ಕೊಟ್ಟ. ಗುಂಡಿಗಳ ಮೇಲೆ ಹರಡಲು ತರಿಸಿ ಉಳಿದಿದ್ದ ಮಣ್ಣು ಅದು. ಕಸದ ಗುಡ್ಡೆಯಿದ್ದ ಜಾಗದಲ್ಲೇ ಸುರಿದಿದ್ದನ್ನು ಮೆಷಿನ್ನು ತಳದಿಂದ ಕೆರೆದು ತುಂಬಿಸಿತು. ಅಷ್ಟು ತಿಂಗಳಲ್ಲಿ ಆ ಗೇಟಿನಿಂದ ನಿಜವಾಗಿ ತುಂಬಿಕೊಂಡು ಹೊರಟ ಲಾರಿ ಅದೊಂದೇ. ಅದು ಬಂದು ಸುರಿದದ್ದು ಹೊಸಮನೆಯ ಗರಡಿಯಲ್ಲಿ.

ಮಣ್ಣು ಹದ ಮಾಡುವ ದಿನ ಉಜ್ಜನಪ್ಪ ಗೇಟಿನಲ್ಲಿದ್ದ. ಸಂಜೆ ಬಂದು ನೋಡಿದರೆ ಅಖಾಡವೆಲ್ಲ ಹಳದಿ ಬೆರೆತು ಹೊಳೆಯುತ್ತಿತ್ತು. ಮಣ್ಣು ತುಳಿದ ಹುಡುಗರು ಅಂಗಡಿಯ ಅರಿಶಿನ ಒಂದು ಹಿಡಿ ಹಾಕಿದ್ದರು, ಅಷ್ಟಕ್ಕೆ ಅಷ್ಟು ಬಣ್ಣ ಬರುವುದಿಲ್ಲ. ಬೇರೆ ಯಾರೇ ಆಗಿದ್ದರೂ ಇದೇನು ಹಳದಿ ಎಂದು ಕೇಳುತ್ತಿದ್ದರು. ಗರಡಿಯ ಉಳಿದವರಿಗೆ ಹಳದಿ ಎಂದರೆ ಅರಿಶಿನ, ಅರಿಶಿನ ಎಂದರೆ ಶಂಕರಮ್ಮ. ಆ ವರ್ಷ ಕೊಂಚ ಜಾಸ್ತಿ ಕಳಿಸಿದ್ದಾಳೆ ಎಂದುಕೊಂಡರು. ಉಜ್ಜನಪ್ಪನಂತೂ ಯಾರನ್ನೂ ಕೇಳಲಿಲ್ಲ. ಕೇಳಿದರೆ ಎಲ್ಲಿ ಇಲ್ಲ ಎಂದುಬಿಡುತ್ತಾರೋ ಎಂಬ ಹೆದರಿಕೆ. ಮಾರನೆಯ ದಿನ ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತು, ‘ಅಕ್ಕ ಅರಿಶಿನ ಕಳ್ಸಿದಾಳೆ ಸಿಸ್ಟ್ರೇ. ಯಾವತ್ತಿಗಿಂತ ಜಾಸ್ತಿನೇ ಕಳ್ಸಿದಾಳೆ’ ಎಂದ. ಅವನ ಕಣ್ಣಲ್ಲಿ ನೀರು ತುಂಬಿತ್ತು. ಅವನನ್ನು ಕಂಡು ನನಗೆ ಮೊದಲ ಸಲ ಅಯ್ಯೋ ಎನಿಸಿತು.

ಅವನು ಆ ಮಣ್ಣನ್ನು ಎದೆಗೆ, ತೋಳಿಗೆ, ಕೈಗೆ ದಿನವೂ ತಿಕ್ಕಿಕೊಂಡ. ಮಂಡಿ ಹೋಗಿದ್ದರೂ ಅಖಾಡಕ್ಕಿಳಿದು ಉಳಿದವರಿಗೆ ಪಟ್ಟು ಹೇಳಿಕೊಟ್ಟ. ದಸರಾ ಮುಗಿಯುವ ಹೊತ್ತಿಗೆ ಗರಡಿಯ ಪೈಲ್ವಾನರು ಒಬ್ಬೊಬ್ಬರಾಗಿ ಕ್ಲಿನಿಕ್ಕಿಗೆ ಬರತೊಡಗಿದರು. ತರಚಿದ ಕಡೆಗಳಲ್ಲಿ ಗುಂಡಗೆ ತೂತು ಬಿದ್ದಂಥ ಹುಣ್ಣು. ಸುತ್ತ ಅಂಚು ಗಟ್ಟಿ, ನಡುವೆ ಆಳ. ನೋವಿಲ್ಲ ಎನ್ನುತ್ತಿದ್ದರು, ನೋವಿಲ್ಲದ್ದೇ ಕೆಟ್ಟದ್ದಾಯಿತು, ಯಾರೂ ಲೆಕ್ಕಕ್ಕೇ ಇಡಲಿಲ್ಲ. ಹುಣ್ಣಾದ ಮೇಲೆ ಔಷಧಿಯೆಂದು ಮತ್ತೆ ಅದೇ ಮಣ್ಣನ್ನು ಮೆತ್ತಿಕೊಂಡರು. ಒಬ್ಬನ ಬೆರಳಿನ ಗೆಣ್ಣಿನಲ್ಲಿ ಮೂಳೆ ಕಾಣುತ್ತಿತ್ತು. ಡಾಕ್ಟರು ಉಜ್ಜನಪ್ಪನ ಕೈಯನ್ನು ಬೆಳಕಿಗೆ ಹಿಡಿದು ನೋಡಿ, ‘ಇದು ಕ್ರೋಮಿಯಂ ಕಣಯ್ಯ. ಆ ಫ್ಯಾಕ್ಟರಿ ವಿಷ. ಆ ಮಣ್ಣು ಮುಟ್ಬೇಡಿ’ ಎಂದರು.

‘ಅದ್ರಲ್ಲಿ ನಮ್ಮಕ್ಕನ ಅರಿಶಿನ ಇದೆ ಡಾಕ್ಟ್ರೇ’ ಎಂದು ಅವನು ಕೈ ಕಿತ್ತುಕೊಂಡ.

ದೀಪಾವಳಿಗೆ ಸೀರೆ, ಹಣ್ಣು ತೆಗೆದುಕೊಂಡು ಜನ್ನಾಪುರಕ್ಕೆ ಹೋದ. ಆ ಮನೆಯಲ್ಲಿ ಏನಾಯಿತೆಂದು ಶಂಕರಮ್ಮ ಆಮೇಲೆ ನನಗೆ ಹೇಳಿದಳು. ಅವನು ಹೊಸಲು ತುಳಿಯಲಿಲ್ಲ. ಅಂಗಳದಲ್ಲೇ ನಿಂತು, ‘ಅರಿಶಿನ ಕಳ್ಸಿದ್ಯಲ್ಲಕ್ಕಾ, ಅದಕ್ಕೇ ಬಂದೆ’ ಎಂದ.

‘ಯಾವ ಅರಿಶಿನ? ನಾನ್ಯಾಕೆ ಕಳಿಸ್ಲಿ ನಿಂಗೆ?’

ಅವನು ಅಖಾಡದಿಂದಲೇ ಬಂದಿದ್ದ, ಮುಂಗೈಗೆ ಹಳದಿ ಹತ್ತಿತ್ತು. ಅದನ್ನೇ ತೋರಿಸಿದ. ಶಂಕರಮ್ಮ ಆ ಕೈಯ ಬಣ್ಣ ನೋಡಿದಳು, ತೂತುಗಳನ್ನು ನೋಡಿದಳು. ಅವನನ್ನು ಬಾವಿಕಟ್ಟೆಗೆ ಎಳೆದುಕೊಂಡು ಹೋದಳು. ಕೊಡ ಇಳಿಸಿ ನೀರು ಸೇದಿ, ಅವನು ತಂದಿದ್ದ ಕೆನೆಬಣ್ಣದ ಸೀರೆಯ ಸೆರಗನ್ನು ಅದರಲ್ಲಿ ಅದ್ದಿ ಅವನ ಕೈಯ ಪಕ್ಕದಲ್ಲಿ ಹಿಡಿದಳು.

‘ಇದೇ ಕಣೋ ನಿನ್ ಅರಿಶಿನ. ನೋಡು’ ಎಂದು ತನ್ನ ಕೈಯನ್ನೂ ಚಾಚಿದಳು. ಪಾತ್ರೆ ತೊಳೆದು ತೊಳೆದು ಅವಳ ಬೆರಳ ಸಂದಿಗಳಲ್ಲೂ ಅದೇ ತೂತುಗಳಾಗಿದ್ದವು. ‘ಅವ್ರು ಏನೂ ಹೊತ್ತು ಹಾಕ್ಲಿಲ್ಲ. ಇಲ್ಲೇ ಎಲ್ಲೋ ಹೂತಿದಾರೆ. ನೀನು ಗೇಟ್ ಕಾದೆ.’

ಅಕ್ಕನ ಬಾವಿ ತಿಂಗಳುಗಟ್ಟಲೆ ಹೇಳಿದ್ದನ್ನು ನಂಬದವನು ಆ ಹೊತ್ತಿಗೆ ನಂಬಿದ.

ಮಾರನೆಯ ದಿನ ಬಲಿಪಾಡ್ಯಮಿ. ಬೆಳಿಗ್ಗೆ ವಿಶ್ವಾರಾಧ್ಯ ಪೂಜೆ ಮುಗಿಸಿ ಆಫೀಸಿನ ಮುಂದೆ ಕಾರಿನಿಂದ ಇಳಿಯುತ್ತಿದ್ದ. ಉಜ್ಜನಪ್ಪ ಅವನ ಕತ್ತಿನ ಪಟ್ಟಿ ಹಿಡಿದು ಪೇಟೆಯ ನಡುವೆ ದರದರ ಎಳೆದುಕೊಂಡು ಹೊಸಮನೆಗೆ ತಂದ. ಪಟಾಕಿ ಹಚ್ಚುತ್ತಿದ್ದವರು ಹಾಗೇ ನ್ಯೂಸ್ ನೋಡುವವರಂತೆ ನಿಂತು ನೋಡಿದರು. ಕಾರಿನ ಡ್ರೈವರ್ ಬಿಡಿಸಲು ಬಂದ. ಅವನ ತಲೆಯನ್ನು ಕರೆಂಟು ಕಂಬಕ್ಕೆ ಗುದ್ದಿಸಿದ. ಆ ಡ್ರೈವರಿಗೆ ನಾನು ಹೊಲಿಗೆ ಹಾಕುತ್ತಿರುವಾಗಲೇ ಉಸ್ತಾದ ಪುಟ್ಟಯ್ಯ ಓಡಿ ಬಂದರು.

‘ಸಿಸ್ಟ್ರೇ, ಬೇಗ ಬನ್ನಿ. ಗರಡಿಗೆ.’

‘ನಿಮ್ ಗರಡಿಗೆ ಹೆಂಗಸರು ಬರೋ ಹಾಗಿಲ್ವಲ್ಲ?’ ಎಂದೆ. ಆ ಹೊತ್ತಿನಲ್ಲೂ ನನಗೆ ಸಿಟ್ಟು.

‘ಬನ್ನಿ ತಾಯಿ’ ಎಂದು ಆ ಮುದುಕ ಕೈ ಮುಗಿದರು.

ಒಳಗೆ ಹೋದೆ. ವಿಶ್ವಾರಾಧ್ಯ ಅಖಾಡದಲ್ಲಿ ಬೋರಲಾಗಿ ಬಿದ್ದಿದ್ದ. ಸುತ್ತ ಮಣ್ಣೆಲ್ಲ ಉತ್ತಂತಾಗಿತ್ತು. ಅವನ ಒಂದು ಕೈ ಮೊಣಕೈಯಿಂದ ಹಿಂದಕ್ಕೆ ಮಡಿಚಿಕೊಂಡಿತ್ತು. ಹೊರಳಿಸಿ ನೋಡಿದೆ. ಬಾಯಿ ತುಂಬ, ಮೂಗು ತುಂಬ ಆ ಹಳದಿ ಮಣ್ಣು. ಬೆರಳು ಹಾಕಿ ತೆಗೆದೆ, ಹಲ್ಲು ಎರಡು ಜೊತೆಗೇ ಬಂದವು. ಕತ್ತು ಯಾವ ಕಡೆಗೆ ತಿರುಗಿಸಿದರೂ ತಿರುಗುತ್ತಿತ್ತು. ನಾಡಿ ಇರಲಿಲ್ಲ. ನನಗೆ ಅವನ ಮೇಲೆ ಎಳ್ಳಷ್ಟೂ ಕನಿಕರ ಬರಲಿಲ್ಲ. ಉಜ್ಜನಪ್ಪ ಗೋಡೆಗೊರಗಿ ಕೂತು ಏದುಸಿರು ಬಿಡುತ್ತಿದ್ದ.

‘ಸತ್ತಿದಾನಾ ಸಿಸ್ಟ್ರೇ?’

‘ಸತ್ತಿದಾನೆ.’

‘ಸರಿ ಬಿಡಿ. ಇನ್ನು ಅಕ್ಕನ ಬಾವಿ ಸರಿಹೋಗತ್ತೆ’ ಎಂದ.

ಅವನಿಗೆ ಜೀವಾವಧಿ ಶಿಕ್ಷೆಯಾಯಿತು, ಜೈಲಿನಿಂದ ಜೀವಂತ ಹೊರಗೆ ಬರಲಿಲ್ಲ. ಕೇಸಿನಿಂದಾಗಿ ಒಂದು ಒಳ್ಳೆಯದೂ ಆಯಿತು ಎಂದು ನಾವೆಲ್ಲ ಅಂದುಕೊಂಡೆವು. ಕಸ ಒಳಗೇ ಹೂತಿದೆ ಎಂಬುದು ಬಯಲಾಯಿತು, ತೆಗೆಯಬೇಕೆಂದು ಮತ್ತೆ ಆದೇಶವಾಯಿತು. ಆದರೆ ತೆಗೆಯುವುದು ಎಲ್ಲಿಂದ? ಆ ಕಾಂಪೌಂಡು ಎಕರೆಗಟ್ಟಲೆ ಇದೆ. ಮೇಲೆಲ್ಲ ಕೆಮ್ಮಣ್ಣು ಹರಡಿ, ಅದರ ಮೇಲೆ ಹುಲ್ಲು ಬಂದಿತ್ತು. ವಿಶ್ವಾರಾಧ್ಯ ಗುಂಡಿಗಳನ್ನು ಎಲ್ಲೂ ಬರೆದಿಟ್ಟಿರಲಿಲ್ಲ, ಅವನೇ ನಿಂತು ತೋಡಿಸಿದ್ದ. ಕೂಲಿಯವರು ಮೆಷಿನ್ನಿನವನ ಜೊತೆ ಬೇರೆ ಊರಿಗೆ ಹೋಗಿದ್ದರು, ಯಾವ ಊರೋ ಯಾರಿಗೂ ಗೊತ್ತಿರಲಿಲ್ಲ. ಇಡೀ ಜಾಗ ಅಗೆಯಬೇಕೆಂದರೆ ಮೊದಲ ಅಂದಾಜಿಗಿಂತ ಎಷ್ಟೋ ಪಟ್ಟು ಖರ್ಚು. ಜಾಗ ಇಂಥದ್ದು ಎಂದು ಗೊತ್ತಾದರೆ ಮಾತ್ರ ಕೆಲಸ ಕೈಗೆತ್ತಿಕೊಳ್ಳುತ್ತೇವೆ, ಇಲ್ಲದಿದ್ದರೆ ಬೇಲಿ ಹಾಕಿ ಬೋರ್ಡು ನಿಲ್ಲಿಸುತ್ತೇವೆ ಎಂದರು ಅಧಿಕಾರಿಗಳು.

ಅದನ್ನು ಕೇಳಿ ಶಂಕರಮ್ಮ ನನ್ನ ಹತ್ತಿರ ಬಂದಳು. ‘ಜಯಮ್ಮಾರೆ, ನನ್ ಜೊತೆ ಜೈಲಿಗೆ ಬನ್ನಿ. ಅವ್ನಿಗೆ ಗೊತ್ತಿರತ್ತೆ. ಅಷ್ಟು ತಿಂಗ್ಳು ಅಲ್ಲೇ ಇದ್ದೋನು’ ಎಂದಳು. ಹೊಸಲು ತುಳಿಯಬೇಡ ಎಂದು ತಮ್ಮನಿಗೆ ಹೇಳಿದ್ದವಳು ಬಾವಿಗಾಗಿ ಹೊರಟಿದ್ದಳು. ನಾನು ಹೋದೆ.

ಜೈಲಿನ ಸಂದರ್ಶನದ ಜಾಗದಲ್ಲಿ, ಸರಳಿನ ಆಚೆ, ಉಜ್ಜನಪ್ಪ ಬಂದು ನಿಂತ. ಇಳಿದು ಹೋಗಿದ್ದ. ಅಕ್ಕನನ್ನು ನೋಡಿ ಮಗುವಿನಂತೆ ನಕ್ಕ. ಶಂಕರಮ್ಮ ನಗಲಿಲ್ಲ.

‘ಎಲ್ಲಿ ಹೂತಿದಾರೆ, ಹೇಳು. ಗೇಟಿಂದ ಯಾವ ಕಡೆಗೆ?’

ಅವನ ನಗು ನಿಂತಿತು.

‘ನಂಗೊತ್ತಿಲ್ಲ ಅಕ್ಕ.’

‘ಗೊತ್ತಿಲ್ಲ ಅಂದ್ರೆ? ಅಲ್ಲೇ ನಿಂತಿದ್ಯಲ್ಲೋ!’

‘ನಾನು ಬೀದಿ ಕಡೆ ಮುಖ ಮಾಡಿ ನಿಂತಿದ್ದೆ. ಜನ ಬರ್ತಾರಾ ಅಂತ ನೋಡ್ಕೊಂಡು.’

‘ಒಂದ್ ಸಲನೂ ಹಿಂದೆ ತಿರುಗಿ ನೋಡ್ಲಿಲ್ವಾ?’

ಅವನು ಇಲ್ಲವೆಂದು ತಲೆಯಾಡಿಸಿದ. ಶಂಕರಮ್ಮ ಸರಳನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. ಅವಳ ಬೆರಳುಗಳ ಬ್ಯಾಂಡೇಜು ಹಿಂದಿನ ದಿನ ನಾನೇ ಕಟ್ಟಿದ್ದು.

‘ಹೋಗ್ಲಿ, ಆ ವಿಶ್ವಾರಾಧ್ಯನ್ನ ಎಳ್ಕೊಂಡು ಬಂದ್ಯಲ್ಲ, ಕೊಲ್ಲೋಕ್ ಮುಂಚೆ ಅವನ್ನಾದ್ರೂ ಕೇಳಿದ್ಯೇನೋ?’

‘ಕೇಳ್ಲಿಲ್ಲ.’ ಅವನ ದನಿ ಇಳಿಯಿತು. ‘ಅವ್ನೇ ಅಂದ. ಬಾಯಲ್ಲಿ ಮಣ್ಣು ತುಂಬಿತ್ತು, ಆದ್ರೂ ಕೇಳಿಸ್ತು. ಬಿಡಪ್ಪಾಜಿ, ಎಲ್ಲಾ ಗುಂಡಿ ತೋರಿಸ್ತೀನಿ, ಇವತ್ತೇ ತೋರಿಸ್ತೀನಿ ಅಂದ.’

‘ಮತ್ತೆ?’

‘ನಾನು ಬಿಡ್ಲಿಲ್ಲ ಅಕ್ಕ. ಆಗ್ಲೇ ಹೊಡೆಯೋಕೆ ಶುರು ಮಾಡ್ಬಿಟ್ಟಿದ್ದೆ.’